ಕೀಲೀ ಕೊಡೂ ಮುಂದ

ನಿಂದ್ರು ನೀಲಗಂಗಾ, ಗಾಡಿ ಚಾಲೂ ಮಾಡಬ್ಯಾಡ ಇನ್ನಾ.
ಎಡಕಿನ ಬಾಗಲಾ ಎಳದರ ಬರೂದಿಲ್ಲ,
ಸ್ವಲ್ಪ ಎತ್ತಿ, ಮೊಣಕಾಲಿಲೆ ಒಂದು ಕೊಡಬೇಕು.
ಗಬ್ಬೂರಿನ ಗ್ಯಾರೇಜಿನ್ಯಾಗ ಇಮಾಮಸಾಬ
ಹದಿನೇಳು ದಿನ ಕುಂತು ಕಟ್ಟಿದ ಮನಿ ಇದು.
ಮೊದಲ ಕಣ್ಣಿನ ದವಾಖಾನಿ ಗಾಡಿ ಆಗಿತ್ತು,
ಕಪಾಟಿನ ಬೆನ್ನಿಗೆ ಅಕ್ಷರ ಓದೂ ಪಟ
ಇನ್ನೂ ಅಂಟಿಕೊಂಡೇ ಐತಿ.
ಕೆಳಗಿನ ಸಾಲು ನನಗ ಒಂದು ದಿನಾನೂ ಕಾಣಲಿಲ್ಲ.

ತಾಟು ತಾಟಿನ ನಡುವ ಹಳೇ ಕಾಲಚೀಲ ಇಡು,
ಇಲ್ಲಂದ್ರ ಧಾರವಾಡದಿಂದ ನವಲಗುಂದದ ತನಕಾ
ಭಜನಿ ಕೇಳಬೇಕಾಗತೈತಿ.
ಖಟಕ ರೊಟ್ಟಿ ಮಲಗಸಬ್ಯಾಡ, ನಿಂದರಸು,
ದಿಂಬಿನ ಚೀಲದಾಗ, ಸೀಟಿನ ಹಿಂದ.
ಮಲಗಿದ ರೊಟ್ಟಿ ಪುಡಿ ಆಗತಾವ, ನಿಂತದ್ದು ಉಳೀತಾವ.
ಮನಷ್ಯಾರ ಸುದ್ದಿ ಬ್ಯಾರೆ.
ಅಕ್ಕಿ ಡಬ್ಬ್ಯಾಗ ಮೂರು ಬ್ಯಾಡಗಿ ಮೆಣಸಿನಕಾಯಿ,
ಹುಳಾ ಹಾಯೂದಿಲ್ಲ.
ಕಪ್ಪು ತೂಗಬಿಡಾಕ ನನ್ನ ಬಳಿ ಸ್ಟ್ಯಾಂಡು ಐತಿ,
ಮದಿವ್ಯಾಗ ಬಂದದ್ದು, ಈಗರೆ ಕೆಲಸಕ್ಕ ಬಂತು.

ಅರಿವಿ ಒಗ್ಯಾಕ ಕೈ ಬ್ಯಾಡ.
ಬಿಗಿ ಮುಚ್ಚಳದ ಬಣ್ಣದ ಡಬ್ಬಿ ಹಿಂದ ಕಟ್ಟೀನಿ:
ಅರಿವಿ, ಒಂದು ಮುಷ್ಟಿ ಸಾಬಾನದ ಪುಡಿ, ಅರ್ಧ ಡಬ್ಬಿ ನೀರು.
ಅಣ್ಣಿಗೇರಿ ದಾಟೂದ್ರೊಳಗ
ರಸ್ತಾದ ತಗ್ಗುಗೋಳ ಒಗದು ಕೊಟ್ಟಿರತಾವ.
ಲೋಕೋಪಯೋಗಿ ಇಲಾಖೆ ನನಗ ಉಪಯೋಗ ಬಿದ್ದದ್ದು
ಇದೊಂದರಾಗ.
ಮೊಸರಿನ ಡಬ್ಬಿ ಅದರ ಬಾಜೂಕ ಕಟ್ಟಬ್ಯಾಡ ಮತ್ತ.
ಒಮ್ಮೆ ಕಟ್ಟಿದ್ದೆ. ಬೆಣ್ಣಿ ಛಲೋ ಬಂದಿತ್ತು,
ತಿಂದವರ ಬಾಯಾಗ ಬುರುಗು.

ಇಪ್ಪತ್ತು ಲೀಟರ್ ನೀರಂದ್ರ ಇಬ್ಬರಿಗೆ ಮೂರು ದಿನ,
ಬೀಗರು ಬಂದ್ರ ಒಂದ ಹೊತ್ತು.
ಮೊಳಿ ಕಾಸಿ ಬಾಟಲಿ ಮುಚ್ಚಳಕ್ಕ ತೂತ ಹಾಕು, ನಳಾ ಆತು.
ತಾಟು ಮೊದಲ ರೊಟ್ಟಿ ತುಂಡಿಲೆ ಒರಸಿ ಬಾಯಿಗೆ ಹಾಕ್ಕೋ,
ಆಮ್ಯಾಲೆ ಹಳೇ ಪೇಪರು, ಆಮ್ಯಾಲೆ ನೀರು, ಅದೂ ಬೊಗಸಿ.
ರಾತ್ರಿ ಬ್ಯಾಟರಿ ಹಚ್ಚಿ ಅದರ ಮ್ಯಾಲೆ
ತುಂಬಿದ ಬಾಟಲಿ ನಿಂದರಸಿದ್ರ
ಮನಿ ತುಂಬ ಬೆಳಕು, ಕುಡ್ಯಾಕ ಬೇಕಾದ್ರ ಕತ್ತಲಿ.

ಆರು ಹೆಜ್ಜಿ ಮನಿಯೊಳಗ
ಸಿಟ್ಟಿಗೆ ಕಪಾಟು ಮಾಡಿಲ್ಲ ಇಮಾಮಸಾಬ.
ಜಗಳ ಬಂದ್ರ ಒಬ್ಬರು ಸ್ಟೇರಿಂಗ್ ಹಿಡದು ಸುಮ್ಮ ಕುಂಡ್ರೂದು,
ಇನ್ನೊಬ್ಬರು ಕೆಳಗಿಳದು ಗಾಲಿಗೆ ಗಾಳಿ ಐತೇನು ನೋಡೂದು.
ಮಾಗಡಿ ಕೆರಿ ದಂಡಿಮ್ಯಾಲೆ ಒಂದ ಸಂಜಿ
ನಾಲ್ಕು ಸರ್ತೆ ಗಾಳಿ ನೋಡೇವಿ.
ಎಲ್ಲೆಲ್ಲಿಂದಲೋ ಹಾರಿ ಬಂದ ಬಾತುಗೋಳು
ನೀರಾಗ ಕುಂತು ನಮ್ಮನ್ನ ನೋಡತಿದ್ವು.
ಅಷ್ಟು ದೂರದಿಂದ, ಒಂದು ಡಬ್ಬಿ ತರಲಾರದ.

ಕಡೀದು ಒಂದು.
ರಾತ್ರಿ ಗಾಡಿ ನಿಂದರಸೂ ಮುಂದ
ಗಾಜಿನ ಲೋಟಾದಾಗ ಅರ್ಧ ನೀರು ಹಾಕಿ
ಒಲಿ ಕಟ್ಟಿಮ್ಯಾಲೆ ಇಡು.
ನೀರು ಯಾವ ಕಡೆ ಏರಿರತೈತಿ
ಆ ಕಡಿ ಗಾಲಿಗೆ ಹಲಗಿ ಕೊಡು.
ಇಲ್ಲಂದ್ರ ದ್ವಾಸಿ ಒಂದ ಮಗ್ಗಲಾ ದಪ್ಪ,
ಗಂಡ ನಿದ್ದಿಗಣ್ಣಾಗ ಉರಳಿ ನಿನ್ನ ಗ್ವಾಡಿಗೆ ಒತ್ತತಾನ.

ಹೋದ ವರ್ಷ ಹದಿನೆಂಟು ದಿನ ತಿರುಗಿ ಬಂದು
ಸಪ್ತಾಪುರದ ಮನಿಯಾಗ, ರೂಢಿ ನೋಡು,
ಅಡಗಿ ಕಟ್ಟಿಮ್ಯಾಲೆ ಲೋಟಾ ಇಟ್ಟೆ.
ನೀರು ಕಿಡಕಿ ಕಡೆ ಅರ್ಧ ಬೆರಳು ಏರಿತ್ತು.

ಇಪ್ಪತ್ತಾರು ವರ್ಷ ಅಲ್ಲೆ ಹಾಲು ಉಕ್ಕೇತಿ,
ಯಾವತ್ತೂ ಒಂದ ಕಡಿಂದ.
ನಾ ಗ್ಯಾಸಿಗೆ ಬೈತಿದ್ದೆ, ಇವರು ನನಗ.
ಆ ಮನಿಗೆ ಗಾಲಿ ಎಲ್ಲಿ ಅದಾವ, ಹಲಗಿ ಕೊಡಾಕ?
ಪಾತೇಲಿ ಕೆಳಗ ಹಳೇ ಎಂಟಾಣೆ ಇಡತೀನಿ ಅಷ್ಟ.
ಇವರಿಗೆ ಹೇಳಿಲ್ಲ. ನೀನೂ ಹೇಳಬ್ಯಾಡ.

ತಗೋ ಕೀಲಿ.
ಹಲಗಿ ಸೀಟಿನ ಕೆಳಗ ಅದಾವ, ಮೂರು.
ನಾಲ್ಕನೇದ್ದು ಲಕ್ಕುಂಡಿ ಹತ್ತರ ಹುಣಸಿ ಗಿಡದ ಬುಡಕ
ಮರತು ಬಂದೇವಿ.
ಆ ಕಡೆ ಹಾದ್ರ ಇಳದು ನೋಡು.